ಮಾಮಾ ಹೇಳಿದ ನನ್ನ ಮಾತು

೯ ಏಪ್ರಿಲ್ ೧೯೫೭, ಗುಂಜೋಟಿ

ಮೂರನೇ ಇಯತ್ತೆಯ ಪೇಪರು ಅರ್ಧ ತಿದ್ದಿದೆ. ಕಣ್ಣುರಿ. ಹಗಲೆಲ್ಲ ಶಾಲೆಯಲ್ಲಿ ಮರಾಠಿ ಕಲಿಸಿ, ಸಂಜೆ ಈ ವಹಿಯಲ್ಲಿ ಕನ್ನಡ ಬರೆಯುತ್ತೇನೆ. ಅಪ್ಪನಿಗೆ ಉರ್ದು ಬಿಟ್ಟರೆ ಓದಲು ಬಾರದು, ಅವ್ವನಿಗೆ ಅದೂ ಇಲ್ಲ. ಹಾಗಾಗಿ ಧೈರ್ಯ.

ಬರೆಯುವ ಕನ್ನಡ ಕಲಿಸಿದವರು ನಮ್ಮ ಶಾಲೆಯ ನಾಗನಾಥ ಮಾಸ್ತರು. ಜೂನಿನಲ್ಲಿ ಅವರಿಗೆ ಗಡಿಯಾಚೆ ಭಾಲ್ಕಿಗೆ ಟ್ರಾನ್ಸ್‌ಫರ್ — ಮೈಸೂರು ರಾಜ್ಯವೇ ಬೇಕೆಂದು ತಾವೇ ಬರೆದುಕೊಟ್ಟಿದ್ದರು. ಹೋಗುವ ಮೊದಲು ತಾಯಿಯನ್ನು ನಮ್ಮ ಮನೆಗೆ ಹೆಣ್ಣು ಕೇಳಲು ಕಳಿಸುತ್ತಾರಂತೆ. ಬೇಡ ಅನ್ನಲಿಲ್ಲ. ಅನ್ನುವವಳೂ ಅಲ್ಲ.

ಆದರೆ ವೀರಭದ್ರ ಮಾಮಾ ಇದ್ದಾನೆ. ಅವ್ವನ ತಮ್ಮ, ದಾಳಿಂಬ ಊರಿನವನು. ನಾನು ತೊಟ್ಟಿಲಲ್ಲಿದ್ದಾಗಲೇ ಕಸ್ತೂರಿ ಅವನಿಗೆ ಎಂದು ಮಾತಾಗಿದೆ. ಸೋದರಮಾವ ಒಲ್ಲೆ ಅನ್ನದೆ ಬೇರೆ ಯಾರೂ ನನ್ನನ್ನು ಕೇಳುವ ಹಾಗಿಲ್ಲ.

೧೨ ಏಪ್ರಿಲ್

ಮಾಮಾ ಬಂದಿದ್ದ. ಎತ್ತಿಗೆ ನೀರು ಕುಡಿಸುವಾಗ ಎಲ್ಲ ಹೇಳಿಬಿಟ್ಟೆ.

“ಅಕ್ಕಗ ಹೇಳೀದಿಯೇನು?”

“ನನ್ನ ಕೈಲೆ ಆಗಂಗಿಲ್ಲ ಮಾಮಾ. ನೀನೇ ಒಲ್ಲೆ ಅನ್ನು.”

ಎತ್ತು ಕುಡಿದು ಮುಗಿಸಿದ ಮೇಲೆ ಕೇಳಿದ, “ಛಲೋ ಮನಷ್ಯಾ ಇದ್ದಾನೇನು ಆ ಮಾಸ್ತರ?”

“ಇದ್ದಾರ.”

“ಆತು. ನಾ ಅಂತೀನಿ ತಗೋ.”

ಇಷ್ಟು ಸುಲಭವೇ... ಇನ್ನೂ ನಂಬಿಕೆಯಾಗಿಲ್ಲ.

೧೫ ಏಪ್ರಿಲ್

ಆಯಿತು. ಲಗ್ನದ ಮಾತಿಗೆ ಪಡಸಾಲೆಯಲ್ಲಿ ಐದು ಮಂದಿ ಹಿರಿಯರು ಕೂಡಿದ್ದರು. ಒಳಗೆ ರೊಟ್ಟಿ ಬಡಿಯುತ್ತ ಕಿವಿ ಅಲ್ಲೇ ಇಟ್ಟಿದ್ದೆ. ಮಾಮಾ ಅಂದ, “ಸಾಲಿ ಕಲ್ತಾಕಿ ನನಗ ಬ್ಯಾಡ. ಹೊಲದಾಗ ದುಡಿಯಾಕಿ ಬೇಕು.”

ಅವ್ವ ಎದ್ದು ನಿಂತಳು. “ನನ್ನ ಮಗಳಿಗಿ ಹೆಸರಿಡ್ತಿ, ಕುಂದು ತಗೀತಿ? ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ.” ಅವನು ಚಪ್ಪಲಿ ಮೆಟ್ಟಿ ಹೋದ. ಊಟ ಮಾಡಲಿಲ್ಲ.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ. ಒಂದು ರೊಟ್ಟಿ ಹೆಚ್ಚೇ ತಿಂದೆ.

೬ ಮೇ

ಮಾಸ್ತರ ತಾಯಿ ಉಮಾಬಾಯಿ ನಿಲಂಗಾದಿಂದ ಬಂದು ಸಕ್ಕರೆ ಹಂಚಿ ಹೋದರು. ದೀಪಾವಳಿ ದಾಟಿದ ಮೇಲೆ ಮದುವೆ. ಅಕ್ಷತೆ ವೇಳೆಗೆ ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕಲ್ಲ, ಯಾರು ನಿಲ್ಲುತ್ತಾರೆ ಎಂದು ಕೇಳಿದರು. “ಇದ್ದಾರ್ರೀ, ಬೇಕಾದಷ್ಟು ಮಂದಿ,” ಅಂದಳು ಅವ್ವ. ಅವಳಿಗೆ ಇರುವುದು ಒಬ್ಬನೇ ತಮ್ಮ.

೨೧ ಜುಲೈ

ಎರಡೂವರೆ ತಿಂಗಳು ಬರೆದಿಲ್ಲ. ಮನಸ್ಸಿರಲಿಲ್ಲ, ಅಷ್ಟೆ.

ಮಾಮಾನಿಗೆ ಎರಡು ಕಡೆ ಹೆಣ್ಣು ನೋಡಿದರಂತೆ. ಎರಡೂ ಕಡೆ ಕೊಡುವುದಿಲ್ಲ ಅಂದರಂತೆ. ಅಕ್ಕನ ಮಗಳನ್ನೇ ಒಲ್ಲೆ ಅಂದವನು, ಏನೋ ಐಬು ಇರಬೇಕು — ಹೀಗೆ ಮಾತು. ಬಾವಿಯ ಹತ್ತಿರ ಪಕ್ಕದ ಮನೆಯ ಮಲಕಮ್ಮ ನನ್ನೆದುರೇ ಹೇಳಿದಳು. ಕೊಡ ತುಂಬಿಸಿಕೊಂಡು ಬಂದೆ.

ನಾಗನಾಥರಿಗೆ ಎಲ್ಲ ಬರೆದು ಹಾಕಿದೆ.

೨೯ ಜುಲೈ

ಭಾಲ್ಕಿಯಿಂದ ಉತ್ತರ. “ಮದುವೆ ಆಗುವವರೆಗೆ ಈ ವಿಷಯ ಎತ್ತಬೇಡ. ನೀನೇ ಒಲ್ಲೆ ಅನ್ನಿಸಿದ್ದು ನಮ್ಮ ತಾಯಿಗೆ ತಿಳಿದರೆ ಎಲ್ಲ ನಿಂತುಹೋಗಬಹುದು.” ಅಕ್ಷರ ಎಂದಿನ ಹಾಗೆ ಮುತ್ತು.

ಅವರ ತಪ್ಪು ಹಿಡಿಯಲೇ? ಏಪ್ರಿಲಿನಿಂದ ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಇನ್ನೊಬ್ಬರ ಕೈಬರಹದಲ್ಲಿ ಓದಿದಾಗ ಸಣ್ಣತನ ಅನ್ನಿಸಿತು. ಅವರು ಬೇಕು, ಈಗಲೂ ಬೇಕು. ಕಾಗದ ಮಾತ್ರ ಎರಡನೇ ಸಲ ಓದಲು ಆಗಲಿಲ್ಲ.

೩೧ ಜುಲೈ, ಸಂಜೆ

ನಾಳೆ ಪಂಚಮಿ. ಪ್ರತಿವರ್ಷ ಹಿಂದಿನ ದಿನ ಮಾಮಾ ಗಾಡಿ ಕಟ್ಟಿಕೊಂಡು ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುತ್ತಾನೆ. ರಜಾಕಾರರ ಗಲಾಟೆಯ ವರ್ಷವೂ ಹೊಲದ ದಾರಿ ಹಿಡಿದು ಬಂದಿದ್ದ.

ಹೊಸ್ತಿಲು ತುಳಿಯಬೇಡ ಅಂದವಳು ಅವ್ವನೇ. ಆದರೂ ಬೆಳಿಗ್ಗೆ ಎಳ್ಳುಂಡೆ, ಶೇಂಗಾದುಂಡೆ ಕಟ್ಟಿದಳು. ಹಸಿರು ಇಳಕಲ್ ಸೀರೆ ಉಟ್ಟಳು. ಜೋಳ ಹಸನು ಮಾಡುವ ನೆಪ ಮಾಡಿ ಬಾಗಿಲಲ್ಲೇ ಕೂತಳು. ಗಾಡಿ ಸದ್ದಾದಾಗಲೆಲ್ಲ ಕೈಯಲ್ಲಿನ ಮೊರ ನಿಲ್ಲುತ್ತಿತ್ತು.

ಮಲಕಮ್ಮ ಅವ್ವನನ್ನು ಕೇಳಿದಳು, “ಯಾಕ್ರೀ ಚಂಪಾಬಾಯಿ, ಈ ಸಲ ತವರಿಗಿ ಹೋಗಲಿಲ್ಲೇನು?”

“ಮಣಕಾಲು ನೋಯ್ತಾವವ್ವ. ನಾನೇ ಬರಬ್ಯಾಡಂತ ಹೇಳಿ ಕಳಿಸೀನಿ.”

ದೀಪ ಹಚ್ಚುವ ಹೊತ್ತಿಗೆ ಎದ್ದು ಸೀರೆ ಬದಲಿಸಿದಳು. ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ನೋಡಲಾಗಲಿಲ್ಲ, ಅಳು ಬಂತು. ನನ್ನ ಮಾತನ್ನು ಮಾಮಾನ ಬಾಯಿಗೆ ತುರುಕಿದೆ. ಅವನ ಮಾನ ಹೋಯಿತು, ಅವ್ವನ ತವರು ಹೋಯಿತು. ಗಟ್ಟಿಯಾಗಿ ಮಾತಾಡಿರಿ ಎಂದು ದಿನಾ ಹುಡುಗಿಯರಿಗೆ ಹೇಳುವ ಬಾಯಿ ಇದು. ನಾಚಿಕೆಯಾಗಬೇಕು.

೧ ಆಗಸ್ಟ್, ಪಂಚಮಿ

ಹೇಳಿದೆ. ಹಾಲೆರೆದು ಬಂದ ಮೇಲೆ, ಅಡುಗೆಮನೆಯಲ್ಲಿ. ಅವ್ವ ಕೇಳಿದಳು.

“ಅಂವಾ ತಾನಾಗಿ ಅಂದಿದ್ದಿಲ್ಲ?”

“ಇಲ್ಲವ್ವ. ನಾ ಅನ್ನಿಸೀನಿ.”

“ನನ್ನ ತಮ್ಮಗ ಒಂದು ತುತ್ತು ರೊಟ್ಟಿ ಹಾಕಲಾರದ ಕಳಿಸೀನಿ. ನೀ ಒಳಗ ಕುಂತು ಕೇಳ್ಕೋತ ಇದ್ದಿ.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಹೊರಗೆ ಹೋಗಿ ಅಪ್ಪನಿಗೆ ಗಾಡಿ ಕಟ್ಟಲು ಹೇಳಿ ಬಂದಳು. “ನೀನೂ ನಡಿ. ಐದು ಮಂದಿ ಮುಂದ ಅಂವನ ಮಾನ ತಗದೀದಿ. ದಾಳಿಂಬದಾಗ ಐದು ಮಂದಿ ಮುಂದೇ ಹೇಳಬೇಕು.”

“ಹೇಳ್ತೀನಿ.”

“ಉಮಾಬಾಯಿ ಕಿವಿಗೂ ಬೀಳ್ತದ. ಲಗ್ನ ನಿಂತರ?”

“ನಿಲ್ಲಲಿ ಅನ್ಲಿಕ್ಕಿ ಬಾಯಿ ಬರವಲ್ದವ್ವ. ಆದ್ರ ಹೇಳ್ತೀನಿ.”

ಅವ್ವ ನನ್ನ ಮುಖವನ್ನೇ ನೋಡಿದಳು. ಮತ್ತೆ ಹಸಿರು ಸೀರೆ ತೆಗೆದಳು.

ಗಾಡಿ ಬಾಗಿಲಿಗೆ ಬಂದಿದೆ. ಅವ್ವ ಹತ್ತಿ ಕೂತಿದ್ದಾಳೆ, ಕರೆಯುತ್ತಿದ್ದಾಳೆ. ಅವಸರಕ್ಕೆ ಅಕ್ಷರ ಕೆಟ್ಟಿದೆ. ಹಿರಿಯರ ಮುಂದೆ ಹೇಗೆ ಶುರು ಮಾಡಲಿ ಎಂದು ಇಲ್ಲಿ ಬರೆದು ನೋಡುತ್ತಿದ್ದೇನೆ. ಮಾಮಾ ಎಂದೂ ನನಗ ಒಲ್ಲೆ ಅಂದಿಲ್ಲರೀ, ಅಂದಾಕಿ ನಾ —