ಆಟಿ ಕಳೆಯಲಿ

೨೦ ಜುಲೈ ೧೯೩೬, ಸೋಮವಾರ. ಚೆಟ್ಟಳ್ಳಿ

ಹಾಜರಿ ಹನ್ನೊಂದು. ಉಳಿದ ಹುಡುಗಿಯರು ನಾಟಿಗೆ. ಮಗ್ಗಿ ಹೇಳಿಸುತ್ತಿದ್ದಾಗ ಹೆಡ್‌ಮಿಸ್ಟ್ರೆಸ್ ಅಮ್ಮನವರು ಕರೆದರು. ಮುಂದಿನ ವರ್ಷ ಅವರು ರಿಟೈರ್. ಸರ್ಕ್ಯುಲರ್ ಕೈಗಿಟ್ಟು, "ಯಮುನಳಿಗೂ ಹೇಳಿ" ಎಂದರು. ಮಂಗಳೂರಿನಲ್ಲಿ ಟ್ರೈನಿಂಗ್. ಕೊಡಗಿನ ಟೀಚರಮ್ಮಂದಿರಿಗೆ ಎರಡು ಸೀಟು. ಮುಗಿಸಿ ಬಂದವರಿಗೆ ಹೆಡ್‌ಮಿಸ್ಟ್ರೆಸ್ ಕೆಲಸ. ಅರ್ಜಿಗೆ ಕೊನೇ ದಿನ ಆಗಸ್ಟ್ ಹತ್ತು.

ಹೇಳಿದೆ. ಯಮುನ ಇಲ್ಲಿಗೆ ಟೀಚರಾಗಿ ಬಂದು ಎರಡು ವರ್ಷ ಆಗಿಲ್ಲ — "ನಂಗೆ ಹೆಡ್‌ಮಿಸ್ಟ್ರೆಸ್ ಆಗ್ಬೇಕು ಅಕ್ಕ" ಅಂದಳು. ಅಬ್ಬಾ, ಬಾಯಿಯೇ! ಎರಡು ಫಾರಂ ಇದ್ದವು, ಎರಡನ್ನೂ ಎತ್ತಿಕೊಂಡಳು. ಆಸೆಬುರುಕಿ.

ಹನ್ನೊಂದು ವರ್ಷದಿಂದ ನನಗೂ ಅದೇ ಆಸೆ. ಒಂದು ದಿನ ಬಾಯಿಬಿಟ್ಟೆನೇ? ಹೆಂಗಸು ತಾನಾಗಿ ಮೇಲಿನ ಕೆಲಸ ಕೇಳುವುದೆಂದರೆ... ಅವರೇ ಕರೆದು ಕೊಡಬೇಕು. ಯಾರೂ ಕರೆಯಲಿಲ್ಲ.

೨೨ ಜುಲೈ

"ಬೊಳ್ಳಕ್ಕ, ಕೊನೇ ದಿನ ಯಾವಾಗ?" ಯಮುನ ಕೇಳಿದಳು.

"ಆಗಸ್ಟ್ ಕೊನೆವರೆಗೂ ಉಂಟು. ಈಗ ಆಟಿ ಮಾರಾಯ್ತಿ. ಆಟಿ ತಿಂಗಳಲ್ಲಿ ಯಾರಾದ್ರೂ ಒಳ್ಳೆ ಕೆಲಸ ಶುರು ಮಾಡ್ತಾರಾ?"

"ಅಯ್ಯೋ ಹೌದಲ್ಲ! ನಮ್ಮ ಅವ್ವನೂ ಬೈತಾರೆ. ಆಟಿ ಕಳೀಲಿ."

ನಂಬಿದಳು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಸರ್ಕ್ಯುಲರ್ ನನ್ನ ಮೇಜಿನ ಖಾನೆಯಲ್ಲಿ. ಬೀಗ ಹಾಕಿದೆ.

೩ ಆಗಸ್ಟ್, ಆಟಿ ಹದಿನೆಂಟು

ಇವತ್ತು ಆಟಿ ಸೊಪ್ಪಿಗೆ ಹದಿನೆಂಟು ಮದ್ದಿನ ಗುಣ; ಯಮುನ ಅದರ ಪಾಯಸ ತಂದಳು. ನೇರಳೆ ಬಣ್ಣ, ಒಳ್ಳೆ ಘಮ. ಜೊತೆಗೆ ಅರ್ಜಿಯ ಕವರ್.

"ಆಟಿ ಮುಗಿದ ಮೇಲೆ ನೀವೇ ಟಪಾಲಿಗೆ ಹಾಕಿ ಅಕ್ಕ. ನಿಮ್ಮ ಕೈಗುಣ ಒಳ್ಳೇದು. ಅಂಟಿಸ್ಲಿಲ್ಲ, ಮೊದಲು ಒಮ್ಮೆ ಬಿಡಿಸಿ ನೋಡಿ."

ಅವಳ ಇಂಗ್ಲಿಷ್ ನೋಡಿ ಹೊಟ್ಟೆ ಉರಿಸಿಕೊಳ್ಳಲು ನನಗೇನು ಹುಚ್ಚೇ? ಟ್ರಂಕಿನಲ್ಲಿ, ಸೀರೆಗಳ ಅಡಿಗೆ ತುರುಕಿದೆ. ಪಾಯಸ ಪೂರ್ತಿ ತಿಂದೆ. ನಾಚಿಕೆ ಇಲ್ಲ ನನಗೆ.

೧೦ ಆಗಸ್ಟ್, ಮಧ್ಯಾಹ್ನ ಮೂರು

ಕೊನೇ ದಿನದ ಟಪಾಲೂ ಹೋಯಿತು. ಕಿಟಕಿಯಿಂದ ನೋಡಿದೆ.

ಯಮುನ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದಳು. ಗಂಟಲೂ ಚೆನ್ನಾಗಿದೆ, ಹಾಳಾದ್ದು.

೧೨ ಆಗಸ್ಟ್

ಒಣಗಿದ ಸೀರೆ ಇಡಲು ಟ್ರಂಕು ತೆಗೆದೆ. ಕವರ್ ಕೈಗೆ ಸಿಕ್ಕಿತು. ಇನ್ನೇನು ಭಯ, ನೋಡಿದೆ.

ಎರಡು ಅರ್ಜಿ. ಒಂದು ಅವಳದು. ಇನ್ನೊಂದು... ಬೊಳ್ಳಮ್ಮ, ವಯಸ್ಸು ಮೂವತ್ತೊಂದು, ಸರ್ವೀಸು ಹನ್ನೊಂದು ವರ್ಷ. ಅವಳ ದುಂಡು ಅಕ್ಷರ. ಸಹಿ ಮಾಡುವ ಜಾಗ ಮಾತ್ರ ಖಾಲಿ. ಚೀಟಿ: "ನೀವಾಗಿ ಕೇಳುವವರಲ್ಲ, ಗೊತ್ತು. ಬೈಬೇಡಿ. ಸೀಟು ಎರಡು ಉಂಟಲ್ಲ ಅಕ್ಕ. ಮಂಗಳೂರಿಗೆ ನಾನೊಬ್ಬಳೇ ಹೇಗೆ ಹೋಗಲಿ?"

ಎರಡು ಸೀಟು ಎಂದು ನಾನೇ ಓದಿದ್ದೆ. ನನ್ನನ್ನು ನಾನು ಎಣಿಸಲೇ ಇಲ್ಲ.

೧೭ ಆಗಸ್ಟ್, ಬೆಳಿಗ್ಗೆ

ಆಟಿ ನಿನ್ನೆಗೆ ಮುಗಿಯಿತು. ನಾಲ್ಕು ದಿನ ಬರೆಯಲಾಗಲಿಲ್ಲ. ನನ್ನ ಅರ್ಜಿಗೆ ಸಹಿ ಮಾಡಿದ್ದೇನೆ, ಯಾಕೋ ತಿಳಿಯದು. ಗೇಟಿನ ಹತ್ತಿರ ಯಮುನ. ಮುಡಿಯಲ್ಲಿ ಹೂವು, ಹೊಸ ರವಿಕೆ.

"ಬೊಳ್ಳಕ್ಕ, ಬನ್ನಿ! ಇಬ್ಬರೂ ಒಟ್ಟಿಗೇ ಹೋಗಿ ಹಾಕುವ!"

ಕವರ್ ಹಿಡಿದು ಹೊರಟೆ. ಕೊನೇ ದಿನ ಹತ್ತಕ್ಕೇ ಮುಗಿದಿತ್ತೆಂದು ದಾರಿಯಲ್ಲೇ ಹೇಳಬೇಕು. ಮೊದಲ ಮಾತು ಏನೆಂದು —