ಗೌಳಿವಾಡಕ್ಕೆ ಕಟ್ಟಿದ ಹಗ್ಗ

ಸಾತಪ್ಪ ಕಾಕಾ,

ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಪೂರ್ಣಿಮಾ ಬರೆಯುತ್ತಿದ್ದೇನೆ. ಇಂದು ಕಚೇರಿಗೆ ಹೋಗಿಲ್ಲ, ಬರಬೇಡವೆಂದೇ ಹೇಳಿದ್ದಾರೆ. ಕಾರಣ ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿಮಗೆ ತಿಳಿಯಲಿ.

ನಿಮ್ಮನ್ನೂ ಮಗಳು ತ್ರಿವೇಣಿಯನ್ನೂ ಬಿಟ್ಟು ಮಾಯವ್ವ ಕಾಕು ಮಂಗನ ಕಾಯಿಲೆಯಿಂದ ತೀರಿಕೊಂಡ ಮೂರನೆಯ ದಿನ, ನಾನು ಕಣಕುಂಬಿ ಕಾಡಿನಂಚಿನ ನಿಮ್ಮ ಗೌಳಿವಾಡಕ್ಕೆ ಬಂದಿದ್ದೆ. ಆರೋಗ್ಯ ಇಲಾಖೆಯಲ್ಲಿ ರೋಗ ಹಬ್ಬುವ ಜಾಗ ಗುರುತಿಸುವುದು ನನ್ನ ಕೆಲಸ. ಮೊದಲ ಸಾವು ಅಲ್ಲಾಗಿತ್ತೆಂದು, ನಿಮ್ಮ ಹನ್ನೊಂದು ಮನೆಗಳನ್ನು ನಡುವಿಟ್ಟು ನಕಾಶೆಯಲ್ಲಿ ನಿರ್ಬಂಧಿತ ವಲಯದ ವೃತ್ತ ಎಳೆದವಳು ನಾನೇ. ಒಂದು ನಿಮಿಷವೂ ಹಿಡಿಯಲಿಲ್ಲ. ಮರುದಿನವೇ ವಾಡಾದ ಸುತ್ತ ಹಗ್ಗ ಕಟ್ಟಿದರು; ಅಂದಿನಿಂದ ನಿಮ್ಮ ಎಮ್ಮೆಯ ಹಾಲನ್ನು ಯಾರೂ ಕೊಳ್ಳಲಿಲ್ಲ. ತ್ರಿವೇಣಿಯನ್ನು ಶಾಲೆಯ ಬಾಗಿಲಿನಿಂದ ವಾಪಸ್ ಕಳಿಸಿದರು. ನೀವು ಹಗ್ಗದ ಆಚೆ ನಿಂತು, ದನಿ ಏರಿಸದೆ ಕೇಳಿದಿರಿ: "ರೋಗ ನಮ್ಮ ಮೈಯಾಗ ಐತೋ, ಅಡವ್ಯಾಗ ಐತೋ? ಅಷ್ಟ ಹೇಳ್ರಿ ಬಾಯಾರ."

ಅದು ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ, ಕಾಡಿನ ಉಣ್ಣಿ ಕಚ್ಚಿದರೆ ಬರುತ್ತದೆ. ಇದು ಗೊತ್ತಿದ್ದೂ ವೃತ್ತ ಎಳೆದಿದ್ದೆ. ನೀವು ಕೇಳಿದ ಮೇಲೂ ಜೀಪು ಹತ್ತಿ ಹೊರಟೆ. ಕ್ಷಮಿಸಿ ಕಾಕಾ.

ಆಮೇಲೆ ಆಶಾ ಕಾರ್ಯಕರ್ತೆ ಫಕೀರವ್ವನ ಜೊತೆ, ಜ್ವರ ಬಂದ ಹದಿನಾಲ್ಕು ಜನರ ಮನೆಗೂ ಹೋದೆ. ಜ್ವರಕ್ಕೆ ಮುಂಚಿನ ವಾರ ಎಲ್ಲೆಲ್ಲಿ ಓಡಾಡಿದಿರೆಂದು ಕೇಳಿದೆ. ಊರುಗಳು ನಾಲ್ಕು, ಆದರೆ ಎಲ್ಲರೂ ತರಗೆಲೆ ತರಲು ಹೋದದ್ದು ಹಳ್ಳದಾಚೆಯ ಒಂದೇ ಇಳಿಜಾರಿಗೆ. ಮಂಗಗಳು ಸತ್ತು ಬಿದ್ದದ್ದೂ ಅಲ್ಲೇ. ಹೊಸ ನಕಾಶೆಯಲ್ಲಿ ಆ ಇಳಿಜಾರಿನ ಸುತ್ತ ಗೆರೆ ಹಾಕಿದೆ. ನಿಮ್ಮ ವಾಡಾ ಗೆರೆಯ ಹೊರಗುಳಿಯಿತು.

ಮೇಲಧಿಕಾರಿ ಒಪ್ಪಲಿಲ್ಲ. ಇಳಿಜಾರಿನ ಮಗ್ಗುಲಲ್ಲೇ ದೊಡ್ಡವರೊಬ್ಬರ ರೆಸಾರ್ಟ್ ಇದೆ, ಹೊಸ ಗೆರೆಯೊಳಗೆ ಅದೂ ಬೀಳುತ್ತದೆ. ಅದನ್ನು ಮುಚ್ಚಿಸುವುದಕ್ಕಿಂತ ದನಗಾಹಿಗಳಿಗೆ ಹಗ್ಗ ಕಟ್ಟುವುದು ಸುಲಭ.

"ಹಳೇ ನಕಾಶಿಗೆ ಸಹಿ ಮಾಡ್ರಿ, ಮುಗೀತು" ಎಂದರು.

"ಮಾಡಂಗಿಲ್ರೀ" ಎಂದೆ. ಹದಿನಾರು ವರ್ಷದ ನೌಕರಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಹೊಸ ನಕಾಶೆಯ ಕೆಳಗೆ ನನ್ನ ಹೆಸರು ಬರೆದು ನಾಲ್ಕೂ ಊರಿನ ಚಾವಡಿ ಗೋಡೆಗೆ ಅಂಟಿಸಿ ಬಂದೆ. ಜನ ನೋಡಿದರು, ಇಳಿಜಾರಿನ ದಾರಿ ಬಿಟ್ಟರು. ಮೂರು ವಾರದಿಂದ ಹೊಸ ಜ್ವರ ಒಂದೂ ಇಲ್ಲ. ನಿನ್ನೆ ನಿಮ್ಮಲ್ಲಿ ಹಗ್ಗ ಬಿಚ್ಚಿದರಂತೆ. ನನ್ನ ಅಮಾನತಿನ ಆದೇಶವೂ ನಿನ್ನೆಯೇ ಕೈಸೇರಿತು.

ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದಂತೆ. ಗಂಡ ಶಶಿಧರನೂ ಎರಡು ಸಾಲು ಬರೆದು ಮುಗಿಸು ಎಂದ. ಕೊನೆಗೆ ನಾನು ಬರೆದ ಉತ್ತರವನ್ನು ಓದಿ, ತಾನೇ ಅಂಚೆಗೆ ಹಾಕಿ ಬಂದ. ಅದರಲ್ಲಿ ಕ್ಷಮೆಯ ಮಾತಿಲ್ಲ. ಹದಿನಾಲ್ಕು ಜನ ನಡೆದ ದಾರಿಗಳಿವೆ.

ಬರುವ ಗುರುವಾರ ಬೆಳಗಾವಿಯಲ್ಲಿ ವಿಚಾರಣೆ. ಫಕೀರವ್ವ ಬರುತ್ತಾಳೆ. ನೀವೂ ಬನ್ನಿ. ನಿಮ್ಮನ್ನು ಹೊರಗೆ ಕೂರಿಸಿದರೆ ನಾನೂ ನಿಮ್ಮ ಬಾಜು ಹೊರಗೇ ಕೂರುತ್ತೇನೆ. ಕೇಳುವುದಿದ್ದರೆ ಅವರೇ ಎದ್ದು ಬರಲಿ.

ತ್ರಿವೇಣಿ ತಲೆಯೆತ್ತಿ ಶಾಲೆಗೆ ಹೋಗಲಿ. ನಿಮ್ಮ ವಾಡಾದ ಎಲ್ಲ ಜೀವಗಳೂ ಸುಖವಾಗಿರಲಿ.

ಗುರುವಾರ ನಿಮ್ಮ ದಾರಿ ನೋಡುವ,
ಪೂರ್ಣಿಮಾ