ಬಾರದ ಬಸ್ಸು, ನಡಿಗೆಪ್ರಿಯ ಸ್ಯಾಂಟ್ರಿ

ಮಾನ್ಯ ಸಾರಿಗೆ ಯೋಜನಾಧಿಕಾರಿಗಳೇ,

ಸ್ಯಾಂಟ್ರಿಯಿಂದ ಬ್ಯೂಮಾಂಟ್ ಕಡೆಗೆ ಹೋಗುವ ಬೆಳಗಿನ ಆರು ಐವತ್ತರ ಬಸ್ಸನ್ನು ಮುಂದಿನ ತಿಂಗಳಿಂದ ರದ್ದು ಮಾಡಲು ಹೊರಟಿದ್ದೀರಿ. ಅಲ್ಲಿಯ ಜನ ನಡಿಗೆಯನ್ನೇ ಮೆಚ್ಚಿಕೊಂಡಿದ್ದಾರೆ ಎಂಬುದು ನಿಮ್ಮ ಕಾರಣ. ಅದಕ್ಕೆ ಆಧಾರ, ನಿಮಗಾಗಿ ನಾನು ಮಾಡಿದ ಸಮೀಕ್ಷೆ. ನಿಮ್ಮ ದೇಶಕ್ಕೆ ಬಂದು ಅರ್ಥಶಾಸ್ತ್ರದ ಸಂಶೋಧನೆಗೆ ಸೇರಿ ಏಳು ತಿಂಗಳಾಗಿಲ್ಲ, ಆಗಲೇ ಒಂದು ಬಸ್ಸು ನಿಲ್ಲಿಸಿದ ಕೀರ್ತಿ ನನ್ನದು. ಊರಿನಲ್ಲಾದರೆ ಇದಕ್ಕೆ ಜನ ರಸ್ತೆಗೆ ಅಡ್ಡ ಮಲಗಬೇಕಾಗುತ್ತಿತ್ತು.

ನಿಮ್ಮ ಫಾರ್ಮನ್ನೇ ನೆನಪಿಸುತ್ತೇನೆ. ನಡೆದು ಹೋಗುವುದೇಕೆ? ಆರೋಗ್ಯಕ್ಕಾಗಿ, ಪರಿಸರಕ್ಕಾಗಿ, ಮನಸ್ಸಿನ ಉಲ್ಲಾಸಕ್ಕಾಗಿ. ಇರುವ ಉತ್ತರಗಳು ಇಷ್ಟೇ. ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಕಾತ್ಯಾಯಿನಿ ಅಕ್ಕ ಬ್ಯೂಮಾಂಟಿನ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ನಲವತ್ತು ನಿಮಿಷ ನಡೆಯುತ್ತಾರೆ. ಟ್ಯಾಬ್ ಹಿಡಿದು ಹೋದ ನನಗೆ ಉಪ್ಪಿಟ್ಟು ಕೊಟ್ಟರು. ನಡಿಗೆ ಹೇಗನಿಸುತ್ತದೆ ಎಂದರೆ, ಇಲ್ಲಿಯವರ ಹಾಗೆ 'ಗ್ರ್ಯಾಂಡ್', ಅಂದರೆ ಚೆನ್ನಾಗಿದೆ, ಎಂದರು. ಈ ದೇಶದಲ್ಲಿ ಕಾಲು ಮುರಿದವರೂ ಗ್ರ್ಯಾಂಡ್ ಎನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದಲ್ಲ. ಆದರೂ 'ಆರೋಗ್ಯ'ಕ್ಕೆ ಟಿಕ್ ಹಾಕಿದೆ, ಏಕೆಂದರೆ ಖಾಲಿ ಬಿಟ್ಟರೆ ನಿಮ್ಮ ಸಾಫ್ಟ್‌ವೇರ್ ಮುಂದಿನ ಪುಟ ತೆರೆಯುವುದಿಲ್ಲ. ಹೀಗೆ ನಲವತ್ತಮೂರು ಜನರನ್ನು ಮುಂದಿನ ಪುಟಕ್ಕೆ ದಾಟಿಸಿದೆ.

ನಾನು ಹಾಸ್ಟೆಲಿನಲ್ಲಿ ಓದಿದವನು. ಅನ್ನ ಮುಗಿದುಹೋದ ದಿನ, ಸಾಲಿನ ಕೊನೆಯಲ್ಲಿ ಉಳಿದವರ ಹೆಸರಿನ ಮುಂದೆ ವಾರ್ಡನ್ 'ಉಪವಾಸ' ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ನೋಡಿದರೆ ನಮ್ಮಷ್ಟು ದೈವಭಕ್ತ ಹುಡುಗರು ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ನಿಮ್ಮ ವರದಿಯಲ್ಲಿ ಸ್ಯಾಂಟ್ರಿ 'ಸುಸ್ಥಿರ ಆಯ್ಕೆಯ ಮಾದರಿ' ಎಂದು ಓದಿದಾಗ ವಾರ್ಡನ್ನರ ಆ 'ಉಪವಾಸ'ವೇ ನೆನಪಾಯಿತು. ವಾರದಲ್ಲಿ ನಾಲ್ಕು ದಿನ ಬಸ್ಸೇ ಬಾರದಿದ್ದರೆ ನಡೆಯುವುದು ಆಯ್ಕೆಯೇ, ಸ್ವಾಮಿ?

ವರದಿ ತೋರಿಸಿದಾಗ ಅಕ್ಕ ಬಯ್ಯಲಿಲ್ಲ. "ಬಸ್ಸು ಬಂದ್ರೆ ಹತ್ತಲ್ವೇನೋ ದರ್ಶನ್? ಬಂದ ದಿನವಾದ್ರೂ ಮೊಣಕಾಲಿಗೆ ರೆಸ್ಟ್ ಸಿಗ್ತಿತ್ತು. ನೀನು ಅದನ್ನೂ ತೆಗೆಸಿದೆಯಲ್ಲಪ್ಪ" ಎಂದರು. ಈಗ ಡ್ರೈವಿಂಗ್ ಕಲಿಯಲು ಹೆಸರು ಕೊಟ್ಟಿದ್ದಾರೆ. ಪರಿಸರ ಉಳಿಸುವ ನಿಮ್ಮ ವರದಿ ರಸ್ತೆಗೆ ಇಳಿಸುತ್ತಿರುವ ಮೊದಲ ಕಾರು ಅವರದು.

ಬಸ್ಸು ಬಾರದ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಹಾಕಿದರೆ ಸಾಕು ಎಂದರು ನನ್ನ ಗೈಡ್. ಅಡಿಟಿಪ್ಪಣಿ ಹತ್ತಿಕೊಂಡು ಯಾರೂ ಡ್ಯೂಟಿಗೆ ಹೋಗಲಾರರು. ನಿಮಗೆ ಇಂಗ್ಲಿಷಿನಲ್ಲಿ ಮೂರು ಇಮೇಲ್ ಕಳಿಸಿದೆ. ಮೂರಕ್ಕೂ ಯಂತ್ರವೇ ಥ್ಯಾಂಕ್ಸ್ ಹೇಳಿತು. ಹಾಗಾಗಿ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ನಲವತ್ತಮೂರರಲ್ಲಿ ಕೆಲವರಾದರೂ ಓದಿಯಾರು.

ಬಸ್ಸಿನ ರದ್ದತಿ ತೀರ್ಮಾನಿಸುವ ಇಪ್ಪತ್ತೊಂದನೇ ತಾರೀಖಿನ ಸಭೆಗೆ ಮೊದಲು ಆ ನಲವತ್ತಮೂರು ಉತ್ತರಗಳನ್ನು ವರದಿಯಿಂದ ತೆಗೆಯಿರಿ. ಅವು ಸುಳ್ಳು; ಟಿಕ್ ಹಾಕಿದವನು ನಾನು. ಆರು ಐವತ್ತರ ಬಸ್ಸನ್ನು ಉಳಿಸಿ, ಒಂದು ತಿಂಗಳು ಒಂದು ದಿನವೂ ತಪ್ಪದೆ ಓಡಿಸಿ. ಆಮೇಲೂ ಜನ ನಡೆದೇ ಹೋದರೆ, ಅದು ಅವರ ಇಷ್ಟ ಎಂದು ನಾನೇ ಬರೆದುಕೊಡುತ್ತೇನೆ.

ಇಂತಿ,
ಹೆದರಿಕೊಂಡೇ ಸಹಿ ಹಾಕುತ್ತಿರುವ
ದರ್ಶನ್,
ಪ್ರಥಮ ವರ್ಷದ ಸಂಶೋಧನಾ ವಿದ್ಯಾರ್ಥಿ (ಸದ್ಯಕ್ಕೆ)